ಗಾಲಿ ಹಿಡಿಯುವವಳು

ಬೆಳ್ಳುಳ್ಳಿ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಿಡುತ್ತಿಲ್ಲ, ಈ ಕೈಯಿಂದ ಬಿಡಿಸಿದರೆ ಆ ಕೈಗೆ ಅಂಟುತ್ತದೆ, ಪರದೆಯ ಆಚೆ ಗಂಡ ಮುಕ್ತಾರ್ ಹೇಳುತ್ತಿದ್ದಾನೆ ಮರಳು ಗಟ್ಟಿ ಇರುತ್ತೆ ಗೌಡ್ರೇ, ಅಲೆ ಬಂದು ವಾಪಸ್ ಹೋಗುತ್ತಲ್ಲ ಆ ಒದ್ದೆ ಜಾಗ, ಸಿಮೆಂಟ್ ಹಾಕಿದ ಹಂಗಿರುತ್ತೆ, ಗಾಲಿ ಹೂತ್ಕೊಳ್ಳಲ್ಲ, ಮೇಲಿನ ಒಣ ಮರಳು ಒಂದು ದಾಟಿಸಿಬಿಟ್ರೆ ಸಾಕು — ದಾಟಿಸಿಬಿಟ್ಟರೆ ಸಾಕಂತೆ, ಕೇಳಿಸಿಕೋ ಕುಲ್ಸುಮ್, ಸಾಕಂತೆ, ಯಾರು ದಾಟಿಸುವುದು ಎಂದು ಅಲ್ಲಿ ಕೂತವರು ಯಾರೂ ಕೇಳುವುದಿಲ್ಲ, ಯಾಕೆ ಕೇಳಬೇಕು, ದಾಟಿಸುವ ಯಂತ್ರ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದೆಯಲ್ಲ. ಸ್ಟವ್ ಮೇಲೆ ಟೀ ಉಕ್ಕಿತು, ಬರಿಗೈಯಲ್ಲೇ ಪಾತ್ರೆ ಇಳಿಸಿದಳು, ಸುಟ್ಟಿತು, ಸುಡಲಿ. ಭಾನುವಾರ ಬಂತೆಂದರೆ ಆರ್.ಟಿ. ನಗರದ ಈ ಬಾಡಿಗೆ ಮನೆಯ ಹಾಲ್ ಲಾರಿ ಸ್ಟ್ಯಾಂಡ್ ಆಗಿಬಿಡುತ್ತದೆ, ಬೆತ್ತದ ಕುರ್ಚಿಯಲ್ಲಿ ಮನೆಯ ಮಾಲೀಕ ಮುನಿಗಂಗಪ್ಪ ಗೌಡ, ಮಂಚದ ಮೇಲೆ ಮುಕ್ತಾರನ ತಮ್ಮ ಜಹೀರ್, ಅವನ ಪಕ್ಕಕ್ಕೆ ಅವನ ಹೆಂಡತಿ ಗೌಹರ್, ಅವರ ಮಕ್ಕಳಿಬ್ಬರು ಅಂಗಳದಲ್ಲಿ, ನಡುವೆ ತನ್ನ ಕಬ್ಬಿಣದ ಗಾಲಿಕುರ್ಚಿಯಲ್ಲಿ ಮುಕ್ತಾರ್, ಸ್ಟೇರಿಂಗ್ ಹಿಡಿದವನ ಥರ ಎರಡು ಕೈ ಮುಂದೆ ಚಾಚಿಕೊಂಡು — ಅವನು ರಸ್ತೆಯ ಮಾತಾಡುವಾಗ ಕೈ ಹಾಗೇ ಏಳುತ್ತದೆ, ಸಕಲೇಶಪುರ ದಾಟಿದ ಮೇಲೆ ಎಡಕ್ಕೆ ತಿರುಗಿಸುತ್ತವೆ, ಬಲಕ್ಕೆ ತಿರುಗಿಸುತ್ತವೆ, ಸೊಂಟದ ಕೆಳಗೆ ಸತ್ತಿರುವ ಮನುಷ್ಯ ಸೊಂಟದ ಮೇಲೆ ಶಿರಾಡಿ ಘಾಟಿ ಇಳಿಯುತ್ತಾನೆ, ಮುನಿಗಂಗಪ್ಪ ಬಾಯಿ ಬಿಟ್ಟುಕೊಂಡು ನೋಡುತ್ತಾನೆ, ಅಬ್ಬಬ್ಬ ಸಾಬ್ರೇ, ನೀವು ಕೂತಲ್ಲೇ ಕರ್ಕೊಂಡೋಗ್ಬಿಟ್ರಲ್ರೀ ಅನ್ನುತ್ತಾನೆ.

ಕರ್ಕೊಂಡ್ ಹೋಗು. ಎಲ್ಲರನ್ನೂ ಕರ್ಕೊಂಡ್ ಹೋಗು. ತಿಂಗಳಿನಿಂದ ಇದೇ ಆಗಿದೆ ಈ ಮನೆಯಲ್ಲಿ, ಪಣಂಬೂರು, ಪಣಂಬೂರು, ಮಂಗಳೂರಿನ ಬಂದರಿಗೆ ಲಾರಿ ತುಂಬ ಮೂಟೆ ಹೊತ್ತು ಹೋಗುತ್ತಿದ್ದ ಕಾಲದಲ್ಲಿ ಅವನು ಲೆಕ್ಕವಿಲ್ಲದಷ್ಟು ಸಲ ನೋಡಿದ ಸಮುದ್ರ, ಲೋಡ್ ಇಳಿಸಿ ಮುಖ ತೊಳೆದು ಮರಳ ಮೇಲೆ ಮಲಗಿ ಎದ್ದು ಬರುತ್ತಿದ್ದ ಸಮುದ್ರ, ಅದನ್ನು ಇನ್ನೊಂದು ಸಲ ನೋಡಬೇಕಂತೆ, ನೋಡಲಿ, ಬೇಡ ಅಂದವರಾರು, ಅವನು ಮಾಡುವ ತಯಾರಿ ನೋಡಿದರೆ ಅವಳಿಗೇ ಒಂದೊಂದು ಸಲ ತಲೆದೂಗಬೇಕು ಅನ್ನಿಸುತ್ತದೆ, ಅದಕ್ಕೂ ಸಿಟ್ಟು ಬರುತ್ತದೆ. ಕುರ್ಚಿಯ ಅಗಲಕ್ಕೆ ಹುರಿದಾರ ಹಿಡಿದು, ಎರಡು ಕಡೆ ಗಂಟು ಹಾಕಿ, ಯಶವಂತಪುರದಿಂದ ಮಂಗಳೂರಿಗೆ ಹೋಗುವ ಲಾರಿಯವರ ಕೈಲಿ ಕಳಿಸಿದ್ದ, ಅಲ್ಲಿ ಅವನ ಹಳೇ ಗೆಳೆಯ ಮೊಯಿನುದ್ದೀನ್ ಆ ದಾರ ಹಿಡಿದುಕೊಂಡು ಲಾಡ್ಜು ಲಾಡ್ಜು ತಿರುಗಿದನಂತೆ, ಒಂದು ಕಡೆ ಕೋಣೆ ಬಾಗಿಲು ಹಿಡಿಸಿದರೆ ಬಚ್ಚಲು ಬಾಗಿಲು ಹಿಡಿಸುವುದಿಲ್ಲ, ಇನ್ನೊಂದು ಕಡೆ ಬಚ್ಚಲು ಹಿಡಿಸಿದರೆ ಮೆಟ್ಟಿಲು ಜಾಸ್ತಿ, ಲಾಡ್ಜಿನವರು ನಕ್ಕರಂತೆ, ಏನ್ ಸಾಹೇಬ್ರೇ ಬಾಗಿಲು ಖರೀದಿ ಮಾಡ್ತೀರಾ ಅಂತ, ಕೊನೆಗೆ ಯಾರೋ ಪರಿಚಯದವರ ಮನೆ ಸಿಕ್ಕಿತು, ನೆಲದ ಮಟ್ಟಕ್ಕೇ ಇದೆಯಂತೆ, ಹೊಸ್ತಿಲು ತಗ್ಗಂತೆ, ಹಿಂದೆ ಬಾವಿ. ದಾರ ವಾಪಸ್ ಬಂತು, ಅದನ್ನು ಅವನು ಕುರ್ಚಿಯ ಕೈಗೆ ಸುತ್ತಿಕೊಂಡಿದ್ದಾನೆ, ಬಂದವರಿಗೆಲ್ಲ ತೋರಿಸುತ್ತಾನೆ. ಮುನಿಗಂಗಪ್ಪನ ಮೆಟಡೋರ್ ವ್ಯಾನು, ನಡುವಿನ ಸೀಟು ಬಿಚ್ಚುವುದು, ಹತ್ತಿಸಲು ಹಲಗೆ, ಹಲಗೆ ಜಾರದ ಹಾಗೆ ಅದಕ್ಕೆ ಗೋಣಿತಾಟು ಹೊಡೆಯುವುದು, ಬಡಗಿಗೆ ಹೇಳಿ ಕಕ್ಕಸಿಗೆ ನಡುವೆ ತೂತಿನ ಸ್ಟೂಲು — ಎಲ್ಲ ಆಯಿತು. ಬಾಗಿಲಿಗೆ ಅಳತೆ ಹಿಡಿದೆಯಲ್ಲ ಮುಕ್ತಾರ್, ಹಲಗೆಗೆ ಹಿಡಿದೆಯಲ್ಲ, ನನ್ನ ಭುಜಕ್ಕೆ ಯಾವ ದಾರ ಹಿಡಿದೆ? ಬಾಯಲ್ಲಿ ಅವನಿಗೆ ನೀವು ಅನ್ನುತ್ತಾಳೆ, ಬಹುವಚನ ತಪ್ಪಿಲ್ಲ ಮದುವೆಯಾದಾಗಿನಿಂದ, ಮನಸ್ಸಿನಲ್ಲಿ ಮಾತ್ರ ಈಚೆಗೆ ನೀನು ಅಂತಲೇ ಬರುತ್ತದೆ, ಬಂದರೆ ಬರಲಿ, ಮನಸ್ಸಿಗೆ ಯಾವ ಅತ್ತೆ ಕಾವಲು.

ಭುಜ. ಬಲಗಡೆಯದು. ಅದು ಹೋದದ್ದು ಹೆಬ್ಬಾಳದ ಕೆರೆ ಏರಿ ಮೇಲೆ, ಅವನಿಗೆ ನೀರು ನೋಡಬೇಕು ಅನ್ನಿಸಿತ್ತು ಆಗಲೂ, ಆಗಲೂ ಭಾನುವಾರ, ಜಹೀರ್ ಬರುತ್ತೇನೆ ಅಂದವನು ಬರಲಿಲ್ಲ, ನಡಿ ಇಲ್ಲೇ ಅಲ್ವಾ ಅಂದ ಮುಕ್ತಾರ್, ಇಲ್ಲೇ ಅಂತೆ, ಆರ್.ಟಿ. ನಗರದಿಂದ ಹೆಬ್ಬಾಳದವರೆಗೆ ಕಲ್ಲು ಮಣ್ಣಿನ ಪಕ್ಕದಾರಿಯಲ್ಲಿ ಬುರ್ಖಾದೊಳಗೆ ಬೆವರು ಹರಿಸಿಕೊಂಡು ದೂಡಿದಳು, ಏರಿ ಹತ್ತಿಸಿದಳು, ನೀರು ಕಂಡಿತು, ಬೆಳ್ಳಗೆ ಹಕ್ಕಿಗಳು ಕಂಡವು, ಅವನು ಆಹಾ ಅಂದ, ಅವಳು ಉಸಿರು ತೆಗೆದುಕೊಳ್ಳಲು ಮುಸುಕು ಸಡಿಲಿಸಿದ ಆ ಒಂದು ಗಳಿಗೆ, ಬ್ರೇಕ್ ನಿಲ್ಲದ ಕುರ್ಚಿ ಹಿಂದಕ್ಕೆ ಜಾರತೊಡಗಿತು, ಬಿದ್ದು ಹಿಡಿದಳು, ಬಿಡಲಿಲ್ಲ, ಮುಳ್ಳುಗಿಡದ ಬುಡದವರೆಗೆ ಎಳೆದುಕೊಂಡು ಹೋಯಿತು, ಭುಜದೊಳಗೆ ಒದ್ದೆ ಬಟ್ಟೆ ಹರಿದಂಥ ಸದ್ದು. ಜನ ಓಡಿಬಂದರು. ಸಾಬ್ರೇ ಪೆಟ್ಟಾಯ್ತಾ, ಸಾಬ್ರೇ ನೀರು ಕುಡೀತೀರಾ, ಅಯ್ಯೋ ಪಾಪ ಇಂಥವ್ರನ್ನ ಇಲ್ಲಿಗ್ಯಾಕಮ್ಮ ಕರ್ಕೊಂಡ್ ಬಂದೆ, ನೋಡ್ಕೊಳ್ಳಕ್ಕಾಗಲ್ವಾ. ಅವಳನ್ನು ಕೇಳಿದ್ದು ಅದೊಂದೇ, ನೋಡ್ಕೊಳ್ಳಕ್ಕಾಗಲ್ವಾ. ಮನೆಗೆ ಬಂದ ಮೇಲೆ ಮುಕ್ತಾರ್ ಕೊಬ್ಬರಿಎಣ್ಣೆ ಬಿಸಿ ಮಾಡ್ಕೊಂಡು ಬಾ ಉಜ್ಜುತೀನಿ ಅಂದ, ಉಜ್ಜಿದ, ಹೌದು ಉಜ್ಜಿದ, ಅದನ್ನು ಮರೆತರೆ ಅಲ್ಲಾ ಮೆಚ್ಚುವುದಿಲ್ಲ, ಅವನ ಕೈ ಈಗಲೂ ಲಾರಿ ಡ್ರೈವರನ ಕೈ, ಭುಜದ ಮೂಳೆಯ ಸುತ್ತ ಅದಕ್ಕೆ ದಾರಿ ಗೊತ್ತು, ಆದರೆ ಮರುದಿನ ಬೆಳಿಗ್ಗೆ ಅವನನ್ನು ಹಾಸಿಗೆಯಿಂದ ಎತ್ತಿದ್ದು ಅದೇ ಭುಜ. ಬೇರೆ ಯಾವ ಭುಜ ಇತ್ತು ಮನೆಯಲ್ಲಿ.

ಟೀ ಸೋಸಿ ತಂದುಕೊಟ್ಟಳು, ತಲೆ ಮೇಲಿನ ಸೆರಗು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಮುನಿಗಂಗಪ್ಪ ಇಡವ್ವ ಇಡು ಅಂದ, ಗೌಹರ್ ಲೋಟ ಎತ್ತಿಕೊಂಡು ಭಾಬಿ ನಾನು ಆ ಹಳದಿ ಸೀರೆ ಉಟ್ಕೊಳ್ಳಲಾ, ಒದ್ದೆ ಆದ್ರೆ ಬಣ್ಣ ಬಿಡುತ್ತಾ ಅಂದಳು. ಒದ್ದೆ. ಇವಳು ಅಲೆಯಲ್ಲಿ ನಿಂತು ಒದ್ದೆಯಾಗುತ್ತಾಳೆ, ಮಕ್ಕಳು ಒದ್ದೆಯಾಗುತ್ತವೆ, ಜಹೀರ್ ಪ್ಯಾಂಟು ಮಡಚಿ ಒದ್ದೆಯಾಗುತ್ತಾನೆ, ಮುಕ್ತಾರನ ಕಾಲಿಗೆ ನೀರು ಸೋಕಿಸುತ್ತಾರೆ, ಆ ಕಾಲಿಗೆ ಗೊತ್ತಾಗುವುದಿಲ್ಲ, ಆದರೂ ಸೋಕಿಸುತ್ತಾರೆ, ಎಲ್ಲರೂ ಸುಭಾನಲ್ಲಾ ಅನ್ನುತ್ತಾರೆ, ಕುರ್ಚಿಯ ಹಿಂದೆ ಹಿಡಿ ಹಿಡಿದುಕೊಂಡು ನಿಂತವಳು ಮಾತ್ರ ಬಿಡುವ ಹಾಗಿಲ್ಲ, ಬಿಟ್ಟರೆ ಅಲೆ ಬಂದು ಗಾಲಿಯ ಕೆಳಗಿನ ಮರಳು ಕಿತ್ತುಕೊಂಡು ಹೋಗುತ್ತದೆ. ಹುಟ್ಟಿದ್ದು ನಾಗಸಂದ್ರದಲ್ಲಿ, ಕಂಡ ದೊಡ್ಡ ನೀರೆಂದರೆ ಕೆರೆ, ಸಮುದ್ರವನ್ನು ಇವರೆಲ್ಲರ ತಲೆಗಳ ನಡುವಿನ ಸಂದಿಯಲ್ಲಿ ನೋಡಬೇಕು. ಮದುವೆಯಾದ ಹೊಸದರಲ್ಲಿ ಕೇಳಿದ್ದಳು ಅವನನ್ನು, ಸಮುದ್ರ ಹೆಂಗಿರುತ್ತೆ, ಅವನು ಆಗಷ್ಟೇ ಮಂಗಳೂರಿನಿಂದ ಬಂದಿದ್ದ, ಅಂಗಿಯಲ್ಲಿ ಒಣಮೀನಿನ ವಾಸನೆ, ಕಾಲಿನ ಬೆರಳ ಸಂದಿಯಲ್ಲಿ ಇನ್ನೂ ಮರಳಿತ್ತು, ಅದನ್ನು ಉದುರಿಸಿ ಅವಳ ಅಂಗೈಗೆ ಹಾಕಿ ತಗೋ ಇದು ಸ್ವಲ್ಪ, ಮಿಕ್ಕಿದ್ದು ಕರ್ಕೊಂಡ್ ಹೋಗಿ ತೋರಿಸ್ತೀನಿ ಅಂದ. ಎರಡನೇ ವರ್ಷಕ್ಕೆ ಯಶವಂತಪುರದಲ್ಲಿ ಲೋಡಿನ ಮೇಲೆ ನಿಂತು ಟಾರ್ಪಾಲಿನ ಹಗ್ಗ ಬಿಗಿಯುವಾಗ ಹಗ್ಗ ಕಿತ್ತು ಬಂತು, ಅಂಗಾತ ಬಿದ್ದ, ಅಷ್ಟೆ, ಅಪಘಾತ ಕೂಡ ಅಲ್ಲ, ನಿಂತ ಲಾರಿ, ಮಧ್ಯಾಹ್ನ, ಊಟಕ್ಕೆ ಮನೆಗೆ ಬರ್ತೀನಿ ಅಂದಿದ್ದ.

ಅಡುಗೆಮನೆಗೆ ವಾಪಸ್ ಬಂದು ಈರುಳ್ಳಿ ತೆಗೆದುಕೊಂಡಳು, ಕಣ್ಣಿಗೆ ನೆಪ ಬೇಕಲ್ಲ, ಆಚೆ ಸೀಟುಗಳ ಮಾತು ಶುರುವಾಗಿದೆ, ಜಹೀರ್ ಗಾಡಿ ಓಡಿಸುತ್ತಾನೆ, ಮುಂದೆ ಅವನ ಪಕ್ಕ ಗೌಡ್ರು, ಹಿಂದಿನ ಉದ್ದ ಸೀಟಿನಲ್ಲಿ ಗೌಹರ್ ಮಕ್ಕಳ ಜೊತೆ, ಮಕ್ಕಳು ಮಲಗಬೇಕಲ್ಲ ಜಾಗ ಬೇಕು, ಪಕ್ಕದಲ್ಲಿ ಹಾಸಿಗೆ ಸುರುಳಿ, ಪಾತ್ರೆ ಗಂಟು, ನಡುವೆ ಸೀಟು ಬಿಚ್ಚಿದ ಜಾಗದಲ್ಲಿ ಭಾಯಿ ಕುರ್ಚಿ, ಎಲ್ಲ ಸರಿ, ಆದರೆ ಆ ಕುರ್ಚಿ ಬ್ರೇಕ್ ನಿಲ್ಲಲ್ಲ, ಘಾಟಿಯಲ್ಲಿ ಹಿಂದೆ ಮುಂದೆ ಉರುಳುತ್ತೆ ಅಂತ ಯಾರೋ ಅಂದರು, ಮುನಿಗಂಗಪ್ಪನೇ ಇರಬೇಕು, ಹೌದು ಅವನೇ, ಅಗ್ಗ ಆಕಿ ಬಿಗಿದ್ರಾಯ್ತಪ್ಪ ಇಂಗೆ ಸೀಟಿನ ಕಾಲಿಗೆ ಅಂದ, ತಕ್ಷಣ ಮುಕ್ತಾರನ ದನಿ ಬದಲಾಯಿತು, ಹಗ್ಗದ ಮಾತು ಎತ್ಬೇಡಿ ಗೌಡ್ರೇ, ಹಗ್ಗ ನಾನು ನಂಬಲ್ಲ, ಆಮೇಲೆ ಜಹೀರ್, ಟೀ ಸೊರ್ ಎಂದು ಎಳೆದುಕೊಳ್ಳುತ್ತಾ, ಇದೇನ್ ದೊಡ್ಡ ವಿಷಯ ಅನ್ನುವ ಹಾಗೆ — ಹಗ್ಗ ಯಾಕೆ ಭಾಯಿ, ಭಾಬಿ ಕೆಳಗೆ ಕೂತ್ಕೊಂಡು ಗಾಲಿ ಹಿಡ್ಕೋತಾರೆ ಬಿಡಿ. ಹೂಂ, ಅಂದ ಮುಕ್ತಾರ್. ಅದಾಗುತ್ತೆ, ಅಂದ. ಈರುಳ್ಳಿಯ ಮೇಲೆ ಚಾಕು ನಿಂತಿತು. ಕೆಳಗೆ. ವ್ಯಾನಿನ ತಗಡಿನ ಮೇಲೆ. ಬೆಂಗಳೂರಿನಿಂದ ಪಣಂಬೂರಿನವರೆಗೆ. ಕಿಟಕಿಯಿಲ್ಲ, ಎದುರಿಗೆ ಗಂಡನ ಸತ್ತ ಮೊಣಕಾಲು, ಎರಡು ಕೈಯಲ್ಲಿ ಎರಡು ಗಾಲಿ, ತಲೆಯ ಮೇಲೆ ಗೌಹರಳ ಮಕ್ಕಳ ಕಾಲು, ಘಾಟಿಯ ಒಂದೊಂದು ತಿರುವಿಗೂ ಕುರ್ಚಿಯ ಭಾರ ಎಳೆಯುತ್ತದೆ, ಭುಜ ಎಳೆಯುತ್ತದೆ, ವಾಂತಿ ಬಂದರೆ ಯಾವ ಕೈ ಬಿಡುವುದು. ಸೀಟಿನ ಲೆಕ್ಕದಲ್ಲಿ ಹಾಸಿಗೆ ಸುರುಳಿ ಬಂತು, ಪಾತ್ರೆ ಗಂಟು ಬಂತು, ಅವಳು ಬರಲಿಲ್ಲ, ಅವಳು ಬಂದದ್ದು ಹಗ್ಗದ ಲೆಕ್ಕದಲ್ಲಿ. ಲಾರಿ ತುಂಬ ಅಕ್ಕಿ ಮೂಟೆ ಬಿಗಿದು ಅದೇ ಘಾಟಿ ಇಳಿಸಿದವನಿಗೆ ಒಂದು ಕುರ್ಚಿ ಬಿಗಿಯಲು ಹೆಂಡತಿ ಬೇಕು — ಹಗ್ಗ ಕಿತ್ತು ಹೋಗುತ್ತದೆ, ಇವಳು ಕಿತ್ತು ಹೋಗುವುದಿಲ್ಲ, ಅಲ್ಲವಾ, ನಂಬಿಕೆ ಅಂದರೆ ಇದೇ ಅಲ್ಲವಾ.

ಯಾವಾಗ ಎದ್ದಳೋ ಗೊತ್ತಿಲ್ಲ, ಪರದೆ ಅವಳ ತಲೆಗೆ ಸಿಕ್ಕಿಕೊಂಡಿತು, ಕಿತ್ತು ಬಿಸಾಡಿದ ಹಾಗೆ ಸರಿಸಿದಳು, ಕೈಯಲ್ಲಿ ಈರುಳ್ಳಿ ಚಾಕು ಇನ್ನೂ ಇತ್ತು, ಗೌಹರ್ ಅದನ್ನೇ ನೋಡಿದಳು. ನಾನು ಬರಲ್ಲ, ಅಂದಳು ಕುಲ್ಸುಮ್. ಏನು ಅಂದ ಜಹೀರ್. ಬರಲ್ಲ. ನೀವೆಲ್ಲ ಹೋಗಿ ಬನ್ನಿ. ಮುನಿಗಂಗಪ್ಪ ನಕ್ಕ, ಯಾಕವ್ವಾ ಇಂಗಂತೀಯ, ನೀನ್ ಬರ್ದಿದ್ರೆ ಎಂಗೆ, ಅಂದ. ಹೆಂಗೆ ಅಂದ್ರೆ ಹಿಂಗೇ ಗೌಡ್ರೇ, ವ್ಯಾನು ಇದೆ, ಹಲಗೆ ಇದೆ, ಸ್ಟೂಲು ಇದೆ, ದಾರ ಹಿಡಿಸಿದ ಬಾಗಿಲು ಇದೆ, ನಾನ್ಯಾಕೆ. ಜಹೀರ್ ಎದ್ದು ನಿಂತ, ಭಾಬಿ, ಅದೆಂಗಾಗುತ್ತೆ, ನೀವು ಬರ್ದೇ ಹೋದ್ರೆ ಭಾಯಿನ ಯಾರು — ಅಂದು ನಿಲ್ಲಿಸಿದ. ಹೇಳು, ಅಂದಳು. ಯಾರು ಏನು? ಹೇಳು ಜಹೀರ್, ಬಾಯಿ ಬಿಟ್ಟು ಹೇಳು, ಯಾರು ಎತ್ತೋದು, ಯಾರು ತೊಳೆಯೋದು, ಯಾರು ಉಚ್ಚೆ ಟ್ಯೂಬ್ ಹಾಕೋದು, ರಾತ್ರಿ ಎದ್ದೆದ್ದು ಮಗ್ಗುಲು ಯಾರು ತಿರುಗಿಸೋದು, ಬೆನ್ನಿನ ಹುಣ್ಣಿಗೆ ಪೌಡರ್ ಯಾರು ಹಾಕೋದು, ನಿನ್ನ ಸ್ವಂತ ಅಣ್ಣ, ಒಂದೇ ತಟ್ಟೇಲಿ ಉಂಡು ಬೆಳೆದವರು, ಒಂದು ದಿನ, ಒಂದೇ ಒಂದು ದಿನ ಅವರ ಲುಂಗಿ ಬದಲಾಯಿಸಿದ್ದೀಯಾ ನೀನು? ದನಿ ಏರಿತು, ಅಂಗಳದಲ್ಲಿ ಮಕ್ಕಳು ಆಟ ನಿಲ್ಲಿಸಿದರು, ಗೌಹರ್ ತೌಬಾ ಭಾಬಿ ಹೊರಗಿನವರ ಎದುರಿಗೆ ಅಂದಳು, ಮುನಿಗಂಗಪ್ಪ ಬೆತ್ತದ ಕುರ್ಚಿಯಿಂದ ಎದ್ದು ಟವಲ್ಲು ಹೆಗಲಿಗೆ ಹಾಕಿಕೊಂಡ, ಗಾಡಿ ಯಾವಾಗ್ಬೇಕೋ ಏಳಿ ಸಾಬ್ರೇ, ಆಮ್ಯಾಲ್ ಮಾತಾಡವ, ಅಂದು ಹೊರಟ, ಒಳ್ಳೆಯ ಮನುಷ್ಯ, ಒಳ್ಳೆಯವರೆಲ್ಲ ಹೀಗೇ, ತೊಳೆಯುವ ಮಾತು ಬಂದಾಗ ಟವಲ್ಲು ಹೆಗಲಿಗೆ ಬರುತ್ತದೆ. ಜಹೀರನೂ ಗೌಹರಳೂ ಅಂಗಳಕ್ಕೆ ಇಳಿದರು, ಸ್ಕೂಟರ್ ಹತ್ತಲಿಲ್ಲ, ಅಲ್ಲೇ ನಿಂತು ಪಿಸುಗುಟ್ಟುತ್ತಿದ್ದರು.

ಮುಕ್ತಾರನ ಕೈ ಇನ್ನೂ ಸ್ಟೇರಿಂಗ್ ಹಿಡಿದಂತೇ ಇದ್ದವು, ನಿಧಾನಕ್ಕೆ ತೊಡೆಯ ಮೇಲೆ ಇಳಿದವು. ಮಾನ ಕಳೆದೆಯಲ್ಲ, ಅಂದ. ಯಾರ ಮಾನ, ಅಂದಳು. ಹುಣ್ಣು, ಲುಂಗಿ, ಟ್ಯೂಬು, ಎಲ್ಲ ಹೇಳಿದೆಯಲ್ಲ ಗೌಡರ ಎದುರಿಗೆ, ಇನ್ನೇನು ಉಳಿಸಿದೆ. ನಾನು ಹೇಳಿದ್ದು ನನ್ನ ಕೆಲಸ, ನಿಮ್ಮ ಮಾನ ಅಲ್ಲ, ಅಂದಳು, ಲಾರಿ ಓಡಿಸೋನು ಘಾಟಿ ಮಾತಾಡಿದ್ರೆ ಎಲ್ರೂ ಬಾಯಿ ಬಿಟ್ಕೊಂಡು ಕೇಳ್ತಾರೆ, ನಾನು ನನ್ನ ಘಾಟಿ ಮಾತಾಡಿದ್ರೆ ಮಾನ ಹೋಗುತ್ತಾ. ಅವನು ತಲೆ ಎತ್ತಿ ನೋಡಿದ, ಈ ಥರ ಮಾತು ಇವಳಿಗೆ ಎಲ್ಲಿಂದ ಬಂತು ಅನ್ನುವ ಹಾಗೆ, ಅವಳಿಗೂ ಗೊತ್ತಿರಲಿಲ್ಲ ಎಲ್ಲಿಂದ ಬಂತು. ನಿಂಗೋಸ್ಕರ ಅಲ್ವಾ ಇಷ್ಟೆಲ್ಲ ಮಾಡಿದ್ದು, ಅಂದ. ನಂಗೋಸ್ಕರ? ಅಂದಳು. ಮತ್ತೆ, ಅಂದ ಅವನು, ನಂಗೇನ್ ಹೊಸದಾ ಪಣಂಬೂರು, ನಿಂಗೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ನಲ್ಲ, ಮರೆತ್ನಾ ನಾನು, ಕಾಲು ಹೋದ ಮೇಲೂ ಮರೆತ್ನಾ. ಅಯ್ಯೋ ಅಲ್ಲಾ, ಅದು ನಿಜ ಇರಬಹುದು, ನಿಜವೇ ಇರಬೇಕು, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜವಾಗಿದ್ದರಿಂದಲೇ ಸಿಟ್ಟು ಇನ್ನೂ ಏರಿತು — ತಿಂಗಳಿನಿಂದ ಊರಿಗೆಲ್ಲ ಹೇಳಿದ್ದಾನೆ, ಮೊಯಿನುದ್ದೀನನಿಗೆ ಹೇಳಿದ್ದಾನೆ, ಬಡಗಿಗೆ ಹೇಳಿದ್ದಾನೆ, ಗುರುತಿಲ್ಲದ ಲಾರಿಯವನಿಗೆ ಹೇಳಿದ್ದಾನೆ, ಇದೇ ಕೋಣೆಯಲ್ಲಿ ಪಕ್ಕದಲ್ಲೇ ಮಲಗುವವಳಿಗೆ ಒಂದು ಮಾತು, ಕುಲ್ಸುಮ್, ನಿಂಗೆ ಸಮುದ್ರ ಹೆಂಗೆ ನೋಡ್ಬೇಕು ಅಂತ ಒಂದು ಮಾತು. ನನ್ನ ಕೇಳಿದ್ರಾ, ಅಂದಳು, ಒಂದು ಸಲ ನನ್ನ ಕೇಳಿದ್ರಾ. ನಿನ್ನ ಕೇಳೋದೇನಿದೆ, ಅಂದ ಅವನು, ಸಿಟ್ಟಿನಲ್ಲಲ್ಲ, ಸೋತವನ ಥರ, ನೀನು ಬೇರೆ ನಾನು ಬೇರೆನಾ. ಪ್ರೀತಿಯಿಂದಲೇ ಅಂದ. ಅದನ್ನು ಕೇಳಿ ಬೇರೆ ಹೆಂಗಸರಾಗಿದ್ದರೆ ಅಳುತ್ತಿದ್ದರು, ಅಮ್ಮಿ ಇದ್ದಿದ್ದರೆ ನೋಡು ಎಂಥ ಗಂಡ ಅನ್ನುತ್ತಿದ್ದಳು. ನೀನು ಬೇರೆ ನಾನು ಬೇರೆನಾ — ಅವನ ಕಾಲು ಯಾವುದು, ಇವಳ ಕಾಲು, ಅವನ ಭುಜ ಯಾವುದು, ಇವಳ ಭುಜ, ಅವನ ಆಸೆ ಯಾವುದು, ಇವಳ ಆಸೆ, ಹಾಗಾದರೆ ಕುಲ್ಸುಮ್ ಅನ್ನುವವಳು ಎಲ್ಲಿ ಕೂತಿದ್ದಾಳೆ ಈ ಮೆಟಡೋರಿನಲ್ಲಿ. ಬೇರೆ, ಅಂದಳು. ನೀವು ಬೇರೆ, ನಾನು ಬೇರೆ.

ಆಡಿದ ಮಾತು ಕೋಣೆಯಲ್ಲಿ ನಿಂತಿತು, ಸ್ಟವ್ ಆರಿಸಿರಲಿಲ್ಲ, ಬುಸ್ ಅನ್ನುತ್ತಲೇ ಇತ್ತು, ಅವನು ಬೈಯುತ್ತಾನೆ ಅಂದುಕೊಂಡಳು, ಬೈಯಲಿ, ಬೈದರೆ ಇವಳ ಹತ್ತಿರ ಇನ್ನೂ ಇದೆ, ಎಂಟು ವರ್ಷದ್ದು ಇದೆ, ಒಂದೊಂದಾಗಿ ತೆಗೆಯುತ್ತಾಳೆ, ಅವನು ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಜಹೀರ್ ಅಂತ ಕೂಗಿದ. ಜಹೀರ್ ಬಾಗಿಲಲ್ಲಿ ಬಂದು ನಿಂತ, ಏನ್ ಭಾಯಿ. ಗೌಹರಳನ್ನೂ ಮಕ್ಕಳನ್ನೂ ಗೌಡರ ಮನೇಲಿ ಕೂರಿಸಿ ಬಾ, ಇವತ್ತು ನಂಗೆ ಸ್ನಾನ ಮಾಡ್ಸೋನು ನೀನು, ಅಂದ ಮುಕ್ತಾರ್. ಜಹೀರ್ ನಗಲು ನೋಡಿದ, ನಗು ಬರಲಿಲ್ಲ. ನಂಗೆಲ್ಲಿ ಬರುತ್ತೆ ಭಾಯಿ ಅದೆಲ್ಲ. ಬರಲ್ಲ ಗೊತ್ತು, ಕಲಿ, ಇಲ್ಲಿ ಮಾಡಿದ್ರೆ ಅಲ್ಲೂ ಮಾಡ್ತೀಯ, ಇಲ್ಲಿ ಆಗ್ಲಿಲ್ಲ ಅಂದ್ರೆ ಯಾರೂ ಎಲ್ಲಿಗೂ ಹೋಗೋದು ಬೇಡ, ಗಾಡಿ ಗೌಡರೇ ಓಡಿಸ್ಲಿ, ಗಾಲಿ ಹಿಡಿಯೋಕೆ ಕೆಳಗೆ ನೀನು ಕೂತ್ಕೋ, ನಿನ್ನ ಭಾಬಿಗೆ ಕಿಟಕಿ ಸೀಟು. ದನಿ ಡ್ರೈವರನದು, ಕ್ಲೀನರ್‌ಗೆ ಹೇಳುವ ಹಾಗೆ, ಎದುರು ಮಾತಿಗೆ ಜಾಗವಿಲ್ಲ. ಕುಲ್ಸುಮಳ ಮುಖ ನೋಡಲಿಲ್ಲ ಅವನು. ನೋಡು, ಇದನ್ನೂ ಕೇಳಲಿಲ್ಲ, ಕಿಟಕಿ ಸೀಟು ಬೇಕಾ ಅಂತಲೂ ಕೇಳಲಿಲ್ಲ, ಕೊಟ್ಟುಬಿಟ್ಟ, ಕೊಡುವುದನ್ನೂ ಅವನೇ ಕೊಡಬೇಕು, ಅವಳಿಗೆ ಕೂಗಬೇಕು ಅನ್ನಿಸಿತು, ಏನಂತ ಕೂಗುವುದು, ಗೆದ್ದವಳು ಏನಂತ ಕೂಗುತ್ತಾಳೆ. ಚಾಕು ಕೆಳಗಿಟ್ಟು ಸೆರಗಿಗೆ ಕೈ ಒರೆಸಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು, ಕೈ ಕಟ್ಟಿಕೊಂಡು ಕೂತಳು, ಕಟ್ಟಿಕೊಳ್ಳದಿದ್ದರೆ ಅವು ತಾವಾಗಿ ಎದ್ದು ಒಳಗೆ ಹೋಗುತ್ತಿದ್ದವು.

ಭಾಬಿ, ಬಿಸಿನೀರು ಎಲ್ಲಿದೆ. ಒಳಗಿನಿಂದ ಜಹೀರ್ ಕೂಗಿದ. ಭಾಬಿ, ಯಾವ ಕಡೆಯಿಂದ ಎತ್ತೋದು. ಹಿಂದಿನಿಂದ, ಕಂಕುಳ ಕೆಳಗೆ ಕೈ ತೂರಿಸಿ, ಎದೆಯ ಮೇಲೆ ಬೆರಳು ಹೆಣೆದು, ಅವನ ತಲೆ ನಿನ್ನ ಹೆಗಲಿಗೆ ಒರಗುವ ಹಾಗೆ, ಬೆನ್ನು ಬಗ್ಗಿಸದೆ ಮೊಣಕಾಲಲ್ಲಿ ಏಳು — ಎಲ್ಲವೂ ನಾಲಗೆಯ ತುದಿಯಲ್ಲಿ ಬಂದು ನಿಂತಿತು, ನುಂಗಿದಳು. ಎದುರು ಮನೆಯ ಮೆಟ್ಟಿಲ ಮೇಲೆ ಮುನಿಗಂಗಪ್ಪನ ಹೆಂಡತಿ ಪಟಾಲಮ್ಮ ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು, ಸೊಗಡಿನ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು, ಅವಳು ಅಲ್ಲಿಂದಲೇ ಕೇಳಿದಳು, ಏನವ್ವಾ, ಸಮುದ್ರಕ್ಕೋಯ್ತೀರಂತೆ. ನೀವು ಬರಲ್ವಾ ಅಂದಳು ಕುಲ್ಸುಮ್. ನನ್ನ ಯಾರ್ ಕರ್ದವ್ರೆ ತಾಯಿ ಅಂದು ಪಟಾಲಮ್ಮ ಇನ್ನೊಂದು ಕಾಯಿ ಸುಲಿದಳು, ನಮ್ಮೆಜಮಾನ್ರು ಓಯ್ತಾರಂತೆ ನಿಮ್ ಜೊತೆ, ಇಲ್ಲಿ ಕೊಟ್ಗೇಲಿ ಅಸು ಯಾರ್ ನೋಡ್ಕತಾರೆ. ಬೇರೆ ಹೊತ್ತಾಗಿದ್ದರೆ ಇಬ್ಬರೂ ನಗುತ್ತಿದ್ದರು. ಬನ್ನಿ, ಹಿಂದೆ ಜಾಗ ಮಾಡೋಣ, ಅಂದುಬಿಟ್ಟಳು ಕುಲ್ಸುಮ್, ಮಕ್ಕಳು ಮಡಿಲಲ್ಲಿ ಕೂರಲಿ, ಗೌಡರಿಗೆ ನಾನೇ ಹೇಳ್ತೀನಿ, ಅಂದಳು, ಹೇಳುತ್ತಾಳೆ ಕೂಡ, ಇವತ್ತು ಬಾಯಿ ಬಿಟ್ಟಾಗಿದೆ. ಒಳಗೆ ಬಕೆಟ್ ಉರುಳಿದ ಸದ್ದು. ಅವಳು ಎದ್ದಳು. ಕೂರಬೇಕು ಅಂದುಕೊಂಡೇ ಎದ್ದಳು, ಟವಲ್ಲು ಕೊಟ್ಟು ಬರೋಣ, ಟವಲ್ಲು ಅಷ್ಟೆ, ಹಗ್ಗದ ಮೇಲಿದ್ದ ಟವಲ್ಲು ಎಳೆದುಕೊಂಡು ಬಚ್ಚಲಿನ ಬಾಗಿಲಿಗೆ ಹೋದಳು.

ಜಹೀರ್ ಪ್ಯಾಂಟು ಒದ್ದೆ ಮಾಡಿಕೊಂಡು ಅಣ್ಣನನ್ನು ಅರ್ಧ ಎತ್ತಿ ಅರ್ಧ ಬಿಟ್ಟು ಹಿಡಿದಿದ್ದ, ಲುಂಗಿ ಜಾರಿ ಪಾದದ ಹತ್ತಿರ ಮುದ್ದೆಯಾಗಿ ಬಿದ್ದಿತ್ತು, ಜಹೀರನ ಕಣ್ಣಲ್ಲಿ ನೀರು, ಇಷ್ಟು ದೊಡ್ಡ ಹುಣ್ಣು ಇದೆ ಅಂತ ಯಾರೂ ಹೇಳಲೇ ಇಲ್ವಲ್ಲ ಭಾಬಿ ಅಂತ ಗೊಣಗಿದ, ಅವಳು ಅವನನ್ನು ನೋಡಲಿಲ್ಲ, ಮುಕ್ತಾರನನ್ನು ನೋಡಿದಳು. ಮುಕ್ತಾರ್ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದ. ಗಟ್ಟಿಯಾಗಿ, ರೆಪ್ಪೆ ಸುಕ್ಕುಗಟ್ಟುವ ಹಾಗೆ. ಎಂಟು ವರ್ಷದಲ್ಲಿ ಒಂದು ದಿನ ಅವನು ಇವಳ ಕೈಯಲ್ಲಿ ಕಣ್ಣು ಮುಚ್ಚಿದವನಲ್ಲ, ನೀರು ಬಿಸಿ ಜಾಸ್ತಿ ಅಂತ ರೇಗುತ್ತಿದ್ದ, ಸೋಪು ಮುಗೀತಾ ಅನ್ನುತ್ತಿದ್ದ, ಯಾವುದೋ ಕ್ಲೀನರ್ ಹುಡುಗನ ಕಥೆ ಹೇಳಿ ತಾನೇ ನಗುತ್ತಿದ್ದ, ಬಚ್ಚಲು ತುಂಬ ಅವನ ಮಾತು, ಈಗ ಮಾತಿಲ್ಲ, ತಂಬಿಗೆಯಿಂದ ನೀರು ಬೀಳುತ್ತಿದೆ, ಮಾತಿಲ್ಲ. ಟವಲ್ಲನ್ನು ಬಾಗಿಲ ಮೊಳೆಗೆ ನೇತುಹಾಕಿ ಹೊರಗೆ ಬಂದಳು. ನಡೆಯತೊಡಗಿದಳು, ಗೇಟು, ರಸ್ತೆ, ಶಿವಾಜಿನಗರದ ಬಸ್ಸು ಒಂದು ಧೂಳೆಬ್ಬಿಸಿ ಹೋಯಿತು. ಆಗಲಿ, ಕಲಿಯಲಿ ಜಹೀರ್, ಅದರಲ್ಲಿ ತಪ್ಪೇನು, ತಪ್ಪಿಲ್ಲ, ವಾರ ವಾರ ಬರಲಿ, ಅವಳು ಬಿಡುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಒಂದು ಮಾತನ್ನೂ, ಕಿಟಕಿಯ ಪಕ್ಕ ಕೂರುತ್ತಾಳೆ, ಪಣಂಬೂರಿನಲ್ಲಿ ಇಳಿದು ಯಾರ ಕುರ್ಚಿಯನ್ನೂ ಹಿಡಿಯದೆ ನೇರ ನೀರಿಗೆ ನಡೆಯುತ್ತಾಳೆ, ಮೊಣಕಾಲು ಮುಳುಗುವವರೆಗೆ, ಅಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿದರೆ ದೂರದಲ್ಲಿ, ಗಟ್ಟಿ ಮರಳ ಮೇಲೆ, ತಮ್ಮ ಹಿಡಿದ ಕುರ್ಚಿಯಲ್ಲಿ — ಕಣ್ಣು ಮುಚ್ಚಿಕೊಂಡಿದ್ದ. ಇಲ್ಲ, ನೋಡುತ್ತಿರುತ್ತಾನೆ, ಸಮುದ್ರ ನೋಡುವುದಕ್ಕೇ ಬಂದವನು, ಕೈ ಎತ್ತಿ ಇವಳಿಗೆ ತೋರಿಸುತ್ತಾನೆ, ಅಲ್ಲಿ ನೋಡು ಹಡಗು, ಅಲ್ಲಿ ನೋಡು — ಗೋಡೆಯ ಕಡೆ ಮುಖ. ನೀನು ಬೇರೆ ಅಂದವಳು ನಾನೇ, ಸರಿಯಾಗೇ ಅಂದೆ, ಮತ್ತೆ ಕೇಳಿದರೂ ಅದೇ ಅನ್ನುತ್ತೇನೆ — ರೆಪ್ಪೆ ಸುಕ್ಕುಗಟ್ಟಿತ್ತು. ಬಸ್ಸಿನ ಧೂಳು ಇಳಿಯಿತು, ರಸ್ತೆ ಕಂಡಿತು, ಅವಳು ನಿಂತಳು, ಮುಂದಿನ ಹೆಜ್ಜೆ ಯಾವುದು ಎಂದು ಹೊಳೆಯಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದ, ಗೋಡೆಯ ಕಡೆ ಮುಖ ಮಾಡಿ, ಗಟ್ಟಿಯಾಗಿ, ಕಣ್ಣು ಮುಚ್ಚಿಕೊಂಡಿದ್ದ.